ಪದ ಬಂತು, ಅರ್ಥ ಬರಲಿಲ್ಲ

ರಾಜಕೀಯ, ಅರ್ಥಶಾಸ್ತ್ರ, ನೌಕರಿ ಮೂರಕ್ಕೂ ಬೇಕಾದ ಇಂಗ್ಲಿಷ್ ಪದಗಳನ್ನು ತಿಂಗಳೊಳಗೆ ಕಲಿಸುತ್ತೇವೆನ್ನುವ ತರಗತಿಗಳ ಮೇಲೆ ನನಗೆ ಸಿಟ್ಟಿದೆ. ಇಂಗ್ಲಿಷಿನ ಮೇಲಲ್ಲ, ನನಗೂ ಅನ್ನ ಕೊಟ್ಟ ಭಾಷೆಯೇ ಅದು.

ನಮ್ಮ ಬೀದಿಯ ಹುಡುಗನೊಬ್ಬ ಅಂಥ ಪಟ್ಟಿಯೊಂದನ್ನು ಉರುಹೊಡೆದಿದ್ದ. ಅದರಲ್ಲಿ ‘ಲೇ-ಆಫ್’ ಎಂದರೂ ಕೆಲಸದಿಂದ ತೆಗೆಯುವುದು, ‘ರಿಟ್ರೆಂಚ್‌ಮೆಂಟ್’ ಎಂದರೂ ಅದೇ. 2019ರಲ್ಲಿ ಕಾರ್ಖಾನೆಯವರು ಲೇ-ಆಫ್ ನೋಟೀಸು ಅಂಟಿಸಿದ್ದೇ ತಡ, ಕೆಲಸ ಹೋಯಿತೆಂದು ಗಂಟುಮೂಟೆ ಕಟ್ಟಿ ಊರಿಗೆ ಹೊರಟುಬಿಟ್ಟ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಇವೆರಡೂ ಬೇರೆ ಬೇರೆ. ಎರಡನೆಯದರಲ್ಲಿ ಕೆಲಸವೇ ಹೋಗುತ್ತಿತ್ತು. ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಪರಿಹಾರ. ಮೊದಲನೆಯದರಲ್ಲಿ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯುತ್ತಿತ್ತು. ವರ್ಷ ತುಂಬಿದ ಅರ್ಹ ಕಾರ್ಮಿಕನಿಗೆ ಮೂಲವೇತನ, ತುಟ್ಟಿಭತ್ಯಗಳ ಅರ್ಧ ಸಲ್ಲಬೇಕಿತ್ತು. ಆದರೆ ದಿನಕ್ಕೊಮ್ಮೆಯಾದರೂ ಕಾರ್ಖಾನೆಗೆ ಹೋಗಿ ಮುಖ ತೋರಿಸಬೇಕು! ಹುಡುಗ ಊರಲ್ಲಿ ಕೂತಿದ್ದ. ಆ ಅರ್ಧವೂ ಹೋಯಿತು.

ಎಲ್ಲವನ್ನೂ ಕನ್ನಡ ಮಾಡಿಬಿಡಿ ಎನ್ನುವ ಮಿತ್ರರ ಮಾತಿಗೂ ನನ್ನ ಒಪ್ಪಿಗೆಯಿಲ್ಲ. ಅವನ ಕೈಗೆ ಬಂದ ನೋಟೀಸು ಇಂಗ್ಲಿಷಿನದು. ಪದವನ್ನು ಇಂಗ್ಲಿಷಿನಲ್ಲೇ ಕಲಿಸಿ. ಅದರ ಬೆನ್ನಿಗಿರುವ ಕಾನೂನನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ತರಗತಿಯ ಮೇಷ್ಟರಿಗೂ ಇದನ್ನೇ ಹೇಳಿದೆ.

“ಅದು ನಮ್ಮ ಸಿಲಬಸ್ಸಿನಲ್ಲಿಲ್ಲ, ಸಾರ್” ಎಂದರು.