ಅರ್ಧ ಮಣೆ ಮುಗಿಯಿತು, ಇನ್ನು ಪೂರ್ತಿ ಮಣೆ

ಚದುರಂಗವನ್ನು ಕಂಡುಹಿಡಿದ ಪಂಡಿತನ ಕಥೆ ಎಲ್ಲರೂ ಕೇಳಿದ್ದೇ. ಆಟ ಮೆಚ್ಚಿದ ಅರಸ ‘ಏನು ಬೇಕು ಕೇಳು’ ಎಂದನಂತೆ. ಪಂಡಿತ ಕೇಳಿದ್ದು ಅಕ್ಕಿ ಕಾಳು. ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಪ್ರತಿ ಮನೆಗೂ ಹಿಂದಿನದರ ಎರಡರಷ್ಟು. ಇಷ್ಟೇ ತಾನೇ ಎಂದು ಅರಸ ನಕ್ಕ. ಕೊನೆಗೆ ರಾಜ್ಯದ ಕಣಜವೆಲ್ಲ ಬರಿದಾದರೂ 64 ಮನೆಗಳ ಲೆಕ್ಕ ತೀರಲಿಲ್ಲ.

ಈ ಕಥೆ ಹೇಳುವಾಗ ಮಣೆಯ ನಡುಗೆರೆಯ ಬಳಿ ಯಾರೂ ನಿಲ್ಲುವುದಿಲ್ಲ. ಮೊದಲ 32 ಮನೆಗಳ ಕಾಳುಗಳನ್ನು ಕೂಡಿದರೆ ಬರುವ ಮೊತ್ತ 4,29,49,67,295. ಒಂದು ಕಾಳಿನ ತೂಕ 25 ಮಿಲಿಗ್ರಾಂ ಎಂದು ಹಿಡಿದರೆ ಇದು ನೂರು ಟನ್‌ಗೆ ತುಸು ಹೆಚ್ಚು. ಹತ್ತು ಹನ್ನೊಂದು ಲಾರಿಗಳಲ್ಲಿ ಹಿಡಿಸುವ ಅಕ್ಕಿ ಅರಸನಿಗೆ ದೊಡ್ಡ ಮಾತಲ್ಲ. ಈ ಮೊತ್ತಕ್ಕೆ ಇನ್ನೊಂದನ್ನು ಸೇರಿಸಿ. ಬರುವ 4,29,49,67,296 ಎಂಬ ಸಂಖ್ಯೆಯೇ ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿರುವ ಒಟ್ಟು ವಿಳಾಸಗಳ ಸಂಖ್ಯೆ. ಅಂತರಜಾಲವನ್ನು ಕಟ್ಟಿದವರು ಇಷ್ಟು ಧಾರಾಳವಾಗಿ ಸಾಕು ಎಂದುಕೊಂಡರು. ಸಾಲಲಿಲ್ಲ.

ವಿಳಾಸ ಏಕೆ ಬೇಕು?

ಮೊಬೈಲಿನಿಂದ ಒಂದು ಚಿತ್ರವನ್ನು ಗೆಳೆಯನಿಗೆ ಕಳುಹಿಸಿದರೆ ಅದು ಇಡಿಯಾಗಿ ಹೋಗುವುದಿಲ್ಲ. ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಹೋಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ಕಳುಹಿಸಿದ ಯಂತ್ರದ ವಿಳಾಸ, ತಲುಪಬೇಕಾದ ಯಂತ್ರದ ವಿಳಾಸ ಎರಡೂ ಇರಬೇಕು. ಈ ವಿಳಾಸಕ್ಕೇ ಐಪಿ ವಿಳಾಸ ಎಂದು ಹೆಸರು. ದಾರಿಯುದ್ದಕ್ಕೂ ನಿಂತು ಪೊಟ್ಟಣಗಳನ್ನು ಮುಂದೆ ಸಾಗಿಸುವ ಯಂತ್ರಗಳೇ ರೂಟರ್‌ಗಳು.

ಜಗತ್ತಿನ ಎಲ್ಲ ವಿಳಾಸಗಳನ್ನೂ ಒಂದು ರೂಟರ್ ನೆನಪಿಡಬೇಕೇ? ಬೇಕಿಲ್ಲ. ನಮ್ಮ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಜಾರಿಗೆ ತಂದ ಪಿನ್‌ಕೋಡನ್ನು ನೋಡಿ. 577201 ಶಿವಮೊಗ್ಗದ ಪಿನ್‌ಕೋಡ್. ದೆಹಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಶಿವಮೊಗ್ಗದ ಬೀದಿಗಳು ಗೊತ್ತಿರಬೇಕಾಗಿಲ್ಲ. ಮೊದಲ ಅಂಕಿ 5 ಕಂಡರೆ ಕರ್ನಾಟಕ, ಆಂಧ್ರ, ತೆಲಂಗಾಣಗಳಿರುವ ದಿಕ್ಕಿಗೆ ಹಾಕಿದರಾಯಿತು. ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನು ತಿಳಿಸುತ್ತವೆ, ಕೊನೆಯ ಮೂರು ಅಂಚೆ ಕಚೇರಿಯನ್ನು. ಐಪಿ ವಿಳಾಸವೂ ಹೀಗೆಯೇ. ಅದರ ಮುಂಭಾಗ ಯಂತ್ರ ಯಾವ ಜಾಲದಲ್ಲಿದೆ ಎಂದು ಹೇಳುತ್ತದೆ, ಹಿಂಭಾಗ ಆ ಜಾಲದಲ್ಲಿ ಯಾವ ಯಂತ್ರ ಎಂದು. ದೂರದ ರೂಟರ್ ಮುಂಭಾಗವನ್ನಷ್ಟೇ ನೋಡಿ ಪೊಟ್ಟಣವನ್ನು ಮುಂದಕ್ಕೆ ತಳ್ಳುತ್ತದೆ.

ಕಂಪ್ಯೂಟರಿಗೆ ತಿಳಿಯುವುದು 0 ಮತ್ತು 1 ಎಂಬ ಎರಡೇ ಅಂಕಿ. ಇಂಥ ಒಂದೊಂದು ಅಂಕಿಗೆ ಬಿಟ್ ಎನ್ನುತ್ತಾರೆ. ಹಳೆಯ ಪದ್ಧತಿಯ ವಿಳಾಸದಲ್ಲಿ 32 ಬಿಟ್‌ಗಳು. ಓದಲು ಸುಲಭವಾಗಲೆಂದು ಅವನ್ನು ಎಂಟೆಂಟರ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪನ್ನೂ 0ಯಿಂದ 255ರವರೆಗಿನ ಸಂಖ್ಯೆಯಾಗಿ ಬರೆಯುತ್ತಾರೆ. ಉದಾಹರಣೆಗೆ 192.168.1.10. ಇದರಲ್ಲಿ 192 ಎಂದರೆ 128 ಮತ್ತು 64 ಕೂಡಿದ್ದು. ದ್ವಿಮಾನ ಪದ್ಧತಿಯಲ್ಲಿ 11000000. ಪ್ರತಿ ಬಿಟ್ಟಿಗೂ ಎರಡು ಸಾಧ್ಯತೆ. ಒಂದು ಬಿಟ್ ಹೆಚ್ಚಾದರೆ ವಿಳಾಸಗಳು ಇಮ್ಮಡಿಯಾಗುತ್ತವೆ, ಚದುರಂಗದ ಕಾಳುಗಳಂತೆ.

ಧಾರಾಳವಾಗಿ ಹಂಚಿದ ಕಾಲ

ವಿಳಾಸಕ್ಕೆ 32 ಬಿಟ್ ಸಾಕು ಎಂಬ ತೀರ್ಮಾನವಾದದ್ದು 1977ರಲ್ಲಿ. ಅಂತರಜಾಲದ ಶಿಲ್ಪಿಗಳಲ್ಲೊಬ್ಬರಾದ ವಿಂಟ್ ಸರ್ಫ್ ಆಗ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಯೋಜನೆಯನ್ನು ನೋಡಿಕೊಳ್ಳುತ್ತಿದ್ದರು. 128 ಬಿಟ್ ಇರಲಿ ಎಂಬ ಸಲಹೆಯೂ ಚರ್ಚೆಗೆ ಬಂದಿತ್ತು. ಆದರೆ ಅದು ಕೆಲವೇ ಕಂಪ್ಯೂಟರುಗಳ ನಡುವಣ ಪ್ರಯೋಗ. ಒಂದು ಪ್ರಯೋಗಕ್ಕೆ 429 ಕೋಟಿ ವಿಳಾಸ ಸಾಲದೇ? 1981ರಲ್ಲಿ ನಿಯಮಾವಳಿ ಅಂತಿಮವಾಯಿತು. ಇದು ಐಪಿಯ ನಾಲ್ಕನೆಯ ಆವೃತ್ತಿ. 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಜಾಲ ಇದಕ್ಕೆ ಬದಲಾಯಿತು. ಪ್ರಯೋಗ ಮುಗಿಯಲೇ ಇಲ್ಲ. ಅದೇ ಬೆಳೆದು ಇಂದಿನ ಅಂತರಜಾಲವಾಯಿತು.

ಮೊದಲು ಬಂದವರಿಗೆ ವಿಳಾಸಗಳು ಮೊಗೆಮೊಗೆದು ಸಿಕ್ಕವು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯೊಂದಕ್ಕೇ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅಷ್ಟು ಹೊತ್ತಿಗೆ ಪಂಕ್ತಿಯಲ್ಲಿ ಬಡಿಸಿದ್ದು ಬಹಳವಾಗಿತ್ತು. 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ವಿಳಾಸ ಗುಚ್ಛಗಳನ್ನೂ ಹಂಚಿಯಾಯಿತು. ಆಮೇಲೆ ಮೊದಲು ಬಿಸಿ ತಟ್ಟಿದ್ದು ನಾವಿರುವ ಏಷ್ಯಾ-ಪೆಸಿಫಿಕ್ ವಲಯಕ್ಕೇ. ಅದೇ ವರ್ಷದ ಏಪ್ರಿಲ್ 15ರ ನಂತರ ಇಲ್ಲಿ ವಿಳಾಸಗಳು ಪಡಿತರದಂತೆ ಸ್ವಲ್ಪಸ್ವಲ್ಪವೇ ಸಿಗುವಂತಾಯಿತು.

ವಠಾರಕ್ಕೊಂದು ಫೋನು

ಹಾಗಾದರೆ ಅಂತರಜಾಲ ನಿಲ್ಲಲಿಲ್ಲವೇಕೆ? ಹಿರಿಯರಿಗೆ ‘ಪಿ.ಪಿ. ನಂಬರು’ ನೆನಪಿರಬಹುದು. ವಠಾರದಲ್ಲಿ ಒಬ್ಬರ ಮನೆಯಲ್ಲಿ ಫೋನು. ಉಳಿದವರೆಲ್ಲ ಮದುವೆ ಕಾಗದದಿಂದ ಕೆಲಸದ ಅರ್ಜಿಯವರೆಗೆ ಅದೇ ನಂಬರು ಕೊಟ್ಟು ಪಕ್ಕದಲ್ಲಿ ಪಿ.ಪಿ. ಎಂದು ಬರೆಯುತ್ತಿದ್ದರು. 1994ರಲ್ಲಿ ಅಂತರಜಾಲಕ್ಕೂ ಇಂಥದೇ ಉಪಾಯ ಹೊಳೆಯಿತು. ಅದರ ಹೆಸರು ನ್ಯಾಟ್. ಮನೆಯೊಳಗಿನ ಮೊಬೈಲು, ಟಿವಿ, ಕಂಪ್ಯೂಟರುಗಳಿಗೆ 192.168ರಿಂದಲೋ 10ರಿಂದಲೋ ಆರಂಭವಾಗುವ ಖಾಸಗಿ ವಿಳಾಸಗಳು. ಇವು ಮನೆಯೊಳಗೆ ಮಾತ್ರ ಚಲಾವಣೆಯಾಗುವ ನಾಣ್ಯ. ಲಕ್ಷಾಂತರ ಮನೆಗಳಲ್ಲಿ ಇವೇ ಸಂಖ್ಯೆಗಳಿವೆ. ಹೊರಗೆ ಹೋಗುವಾಗ ಮನೆಯ ರೂಟರ್ ಖಾಸಗಿ ವಿಳಾಸವನ್ನು ಅಳಿಸಿ, ಮನೆಗಿರುವ ಒಂದೇ ಸಾರ್ವಜನಿಕ ವಿಳಾಸವನ್ನು ಬರೆಯುತ್ತದೆ. ಯಾರು ಯಾರಿಗೆ ಏನು ಕೇಳಿದರು ಎಂಬುದನ್ನು, ಪೋರ್ಟ್ ಎಂಬ ಒಂದು ಸಂಖ್ಯೆಯನ್ನು ಗುರುತಾಗಿಟ್ಟು, ನೆನಪಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಕೇಳಿದವರಿಗೆ ತಲುಪಿಸುತ್ತದೆ.

ವಿಳಾಸಗಳ ಬರ ಹೆಚ್ಚಿದಂತೆ ಸೇವಾ ಕಂಪನಿಗಳು ಇದನ್ನು ಬೀದಿಬೀದಿಗೂ ಅನ್ವಯಿಸಿದವು. ಈಗ ಹಲವು ಮನೆಗಳು, ನೂರಾರು ಮೊಬೈಲುಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರುವುದುಂಟು. ಕೆಲಸವೇನೋ ನಡೆಯುತ್ತದೆ. ಆದರೆ ಎರಡು ತೊಡಕುಗಳಿವೆ. ಮೊದಲನೆಯದು, ಹೊರಗಿನವರು ತಾವಾಗಿಯೇ ಕರೆಯಲಾರರು. ವಿಜ್ಞಾನ ಪ್ರದರ್ಶನಕ್ಕೆಂದು ವಿದ್ಯಾರ್ಥಿನಿಯೊಬ್ಬಳು ತನ್ನ ತಾರಸಿಯ ಮಳೆಮಾಪಕವನ್ನು ಪುಟ್ಟ ಕಂಪ್ಯೂಟರಿಗೆ ಜೋಡಿಸುತ್ತಾಳೆ ಎನ್ನಿ. ಶಾಲೆಯಿಂದ ಅದರ ಅಳತೆ ಕೇಳಿದರೆ, ಕೋರಿಕೆ ಬೀದಿಯ ರೂಟರಿನಲ್ಲೇ ನಿಂತುಬಿಡುತ್ತದೆ. ಯಾವ ಮನೆಗೆ ಎಂದು ಅದಕ್ಕೆ ತಿಳಿಯದು. ನಡುವೆ ಯಾವುದಾದರೂ ಕಂಪನಿಯ ಕಂಪ್ಯೂಟರಿನ ಆಸರೆ ಬೇಕೇ ಬೇಕು. ಎರಡನೆಯ ತೊಡಕು ಇನ್ನೂ ಗಂಭೀರವಾದದ್ದು.

ವಿಳಾಸ ತಪ್ಪಿದರೆ

2007ರಲ್ಲಿ ಒಂದು ಜಾಲತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದವರು ಯಾರೆಂದು ಪುಣೆಯ ಪೊಲೀಸರು ಹುಡುಕುತ್ತಿದ್ದರು. ಅವರ ಕೈಗೆ ಸಿಕ್ಕ ಸುಳಿವು ಒಂದು ಐಪಿ ವಿಳಾಸ. ಅದು ಯಾರದೆಂದು ಸೇವಾ ಕಂಪನಿ ಕೊಟ್ಟ ವಿವರವನ್ನು ನಂಬಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ವಿವರವೇ ತಪ್ಪಾಗಿತ್ತು. ಯಾವ ತಪ್ಪನ್ನೂ ಮಾಡದ ಆ ವ್ಯಕ್ತಿ 50 ದಿನ ಜೈಲಿನಲ್ಲಿ ಕಳೆಯಬೇಕಾಯಿತು.

ತಂದೆ ತಾಯಂದಿರೂ ವಿದ್ಯಾರ್ಥಿಗಳೂ ಇದರಿಂದ ತಿಳಿಯಬೇಕಾದದ್ದಿದೆ. ಐಪಿ ವಿಳಾಸ ಹೇಳುವುದು ಒಂದು ಸಂಪರ್ಕವನ್ನು, ಅದೂ ಒಂದು ಹೊತ್ತಿನಲ್ಲಿ. ಇಂದು ಒಬ್ಬರಿಗಿದ್ದ ವಿಳಾಸ ನಾಳೆ ಇನ್ನೊಬ್ಬರಿಗೆ ಹೋಗಬಹುದು. ಹಂಚಿಕೊಂಡ ವಿಳಾಸವಾದರಂತೂ ದಿನಾಂಕ, ಕರಾರುವಾಕ್ಕಾದ ಸಮಯ, ಪೋರ್ಟ್ ಸಂಖ್ಯೆ ಎಲ್ಲವೂ ಕೂಡಿ ಬಂದರೆ ಮಾತ್ರ ಮನೆ ಯಾವುದೆಂದು ತಿಳಿದೀತು. ಮನೆ ತಿಳಿದ ಮೇಲೂ ಮನೆಯೊಳಗೆ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಬಂದುಹೋಗುವವರಿಗೆಲ್ಲ ವೈಫೈ ಗುಟ್ಟುಪದ ಹಂಚುವ ಮನೆಯವರು ಇದನ್ನು ನೆನಪಿಟ್ಟರೆ ಒಳ್ಳೆಯದು. ಅವರು ಮಾಡಿದ್ದೂ ಹೊರಗಿನವರಿಗೆ ಈ ಮನೆಯಿಂದ ನಡೆದದ್ದೆಂದೇ ಕಾಣುತ್ತದೆ.

ಪೂರ್ತಿ ಮಣೆ, ಅದೂ ಎರಡು

ಈ ಬರವನ್ನು ತಜ್ಞರು ಮೊದಲೇ ಕಂಡಿದ್ದರು. 1995ರಲ್ಲಿ ಹೊಸ ಪದ್ಧತಿಯ ಮೊದಲ ನಿಯಮಾವಳಿ ಬಂತು. 1998ರಲ್ಲಿ ಅದನ್ನು ತಿದ್ದಿದರು. 2017ರಲ್ಲಿ ಪೂರ್ಣ ಮಾನಕವೆಂದು ಅಂಗೀಕರಿಸಿದರು. ಇದು ಆರನೆಯ ಆವೃತ್ತಿ. ನಡುವಿನ ಐದು ಎಲ್ಲಿ ಹೋಯಿತೆಂದು ಮಕ್ಕಳು ಕೇಳಬಹುದು. ಧ್ವನಿ, ಚಿತ್ರಗಳನ್ನು ಹರಿಸುವ ಬೇರೊಂದು ಪ್ರಯೋಗಕ್ಕೆ ಆ ಸಂಖ್ಯೆಯನ್ನು ಆಗಲೇ ಕೊಟ್ಟಾಗಿತ್ತು.

ಆರನೆಯ ಆವೃತ್ತಿಯ ವಿಳಾಸದಲ್ಲಿ 128 ಬಿಟ್‌ಗಳು. ಒಟ್ಟು ವಿಳಾಸಗಳನ್ನು ಬರೆಯಲು 39 ಅಂಕಿಗಳು ಬೇಕು. ಸಾಮಾನ್ಯವಾಗಿ ಮೊದಲ 64 ಬಿಟ್ ಜಾಲಕ್ಕೆ, ಉಳಿದ 64 ಆ ಜಾಲದ ಯಂತ್ರಗಳಿಗೆ. ಪಂಡಿತನ ಮಣೆಯಲ್ಲಿದ್ದದ್ದೂ 64 ಮನೆಗಳೇ! ಆ ಕಾಳುಗಳ ಮೊತ್ತ 20 ಅಂಕಿಗಳ ಸಂಖ್ಯೆ. ಜಗತ್ತು ಈಗ ಬೆಳೆಯುವ ಅಕ್ಕಿಯನ್ನು ನೂರಾರು ವರ್ಷ ಕೂಡಿಟ್ಟರೆ ಅಷ್ಟಾದೀತು. ಹೊಸ ಪದ್ಧತಿಯಲ್ಲಿ ಒಂದು ಸಾಧಾರಣ ಮನೆಯ ಜಾಲಕ್ಕೆ ಸಿಗುವುದು ಇಂಥ ಪೂರ್ತಿ ಮಣೆ. ಅಂದರೆ ಹಳೆಯ ಅಂತರಜಾಲದ ಎಲ್ಲ ವಿಳಾಸಗಳ 429 ಕೋಟಿ ಪಟ್ಟು.

ಇದನ್ನು ಬರೆಯುವ ಕ್ರಮವೂ ಬೇರೆ. ಹದಿನಾರರ ಪದ್ಧತಿಯಲ್ಲಿ, ಅಂದರೆ 0ಯಿಂದ 9 ಹಾಗೂ ಇಂಗ್ಲಿಷಿನ ಎಯಿಂದ ಎಫ್‌ವರೆಗಿನ ಅಕ್ಷರಗಳನ್ನು ಬಳಸಿ, ನಾಲ್ಕು ನಾಲ್ಕರ ಎಂಟು ಗುಂಪುಗಳು. ಜಾಲತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಗೂಗಲ್ ಸಂಸ್ಥೆಯ ಸಾರ್ವಜನಿಕ ಸೇವೆಯೊಂದಿದೆ. ಹಳೆಯ ಪದ್ಧತಿಯಲ್ಲಿ ಅದರ ವಿಳಾಸ 8.8.8.8. ಹೊಸದರಲ್ಲಿ 2001:4860:4860:0000:0000:0000:0000:8888. ಸಾಲಾಗಿ ಬಂದ ಸೊನ್ನೆಗಳ ಗುಂಪುಗಳನ್ನು ಬಿಟ್ಟು, ಅಲ್ಲಿ ಜೋಡಿ ವಿವರಣ ಚಿಹ್ನೆ ಹಾಕಿದರೆ 2001:4860:4860::8888 ಎಂದು ಚಿಕ್ಕದಾಗುತ್ತದೆ. ಒಂದು ವಿಳಾಸದಲ್ಲಿ ಹೀಗೆ ಒಮ್ಮೆ ಮಾತ್ರ ಬಿಡಬಹುದು. ಎರಡು ಕಡೆ ಬಿಟ್ಟರೆ ಎಲ್ಲಿ ಎಷ್ಟು ಸೊನ್ನೆ ಎಂದು ತಿಳಿಯುವುದಿಲ್ಲವಷ್ಟೆ.

ಬದಲಾಗಲು ಇಷ್ಟು ಕಾಲ ಏಕೆ?

ಆರು ಚೌಕಗಳಿರುವ ಅರ್ಜಿಯಲ್ಲಿ ಇಪ್ಪತ್ತನಾಲ್ಕು ಅಂಕಿ ತುಂಬಲಾಗದು. ಹಾಗೆಯೇ ಹಳೆಯ ಪೊಟ್ಟಣದಲ್ಲಿ ಹೊಸ ವಿಳಾಸ ಹಿಡಿಸದು. ಎರಡು ಪದ್ಧತಿಗಳು ನೇರವಾಗಿ ಮಾತಾಡಲಾರವು. ನಡುವೆ ದುಭಾಷಿ ಬೇಕು, ಇಲ್ಲವೇ ಪ್ರತಿ ಯಂತ್ರಕ್ಕೂ ಎರಡು ಭಾಷೆ ಬರಬೇಕು. 2012ರ ಜೂನ್ 6ರಂದು ಹಲವು ದೊಡ್ಡ ಜಾಲತಾಣಗಳು ಹೊಸ ಪದ್ಧತಿಗೆ ಶಾಶ್ವತವಾಗಿ ಬಾಗಿಲು ತೆರೆದವು. ಹಳೆಯದನ್ನು ಇನ್ನೂ ಮುಚ್ಚಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಹಳೆಯ ವಿಳಾಸಗಳು ಕಣಜದ ತುಂಬ ಇದ್ದವರಿಗೆ ಅವಸರವಿರಲಿಲ್ಲ. ತಡವಾಗಿ ಬಂದ ಭಾರತಕ್ಕೆ ಬೇರೆ ದಾರಿ ಇರಲಿಲ್ಲ. ಕೇಂದ್ರದ ದೂರಸಂಪರ್ಕ ಇಲಾಖೆ 2010ರಲ್ಲೇ ಇದಕ್ಕೊಂದು ಕಾರ್ಯಯೋಜನೆ ಪ್ರಕಟಿಸಿತು. 2016ರ ನಂತರ ಹಬ್ಬಿದ 4ಜಿ ಮೊಬೈಲ್ ಜಾಲಗಳು ಹೊಸ ವಿಳಾಸಗಳನ್ನೇ ನೆಚ್ಚಿಕೊಂಡವು. ಇಂದು ಭಾರತದ ಅಂತರಜಾಲ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಸ ವಿಳಾಸವಿದೆ. ಈ ಮಾತಿನಲ್ಲಿ ನಾವು ಜಗತ್ತಿನ ಮುಂದಿನ ಸಾಲಿನಲ್ಲಿದ್ದೇವೆ.

ವಿಳಾಸ ಹೇರಳವಾದರೆ ಬೇರೆ ಎಚ್ಚರ ಬೇಕು. ಮೊದಲು ವಿಳಾಸದ ಹಿಂಭಾಗವನ್ನು ಯಂತ್ರದೊಳಗಿನ ಬದಲಾಗದ ಗುರುತಿನಿಂದಲೇ ಕಟ್ಟುತ್ತಿದ್ದರು. ಹುಡುಗ ಹಾಸ್ಟೆಲಿನಲ್ಲಿರಲಿ, ಊರಿನಲ್ಲಿರಲಿ, ಅದೇ ಬಾಲ ಅವನ ಜೊತೆ ಹೋಗುತ್ತಿತ್ತು. ಯಾರು ಬೇಕಾದರೂ ಜಾಡು ಹಿಡಿಯಬಹುದಿತ್ತು. ಇದನ್ನು ತಪ್ಪಿಸಲು 2001ರಲ್ಲಿ ಹೊಸ ನಿಯಮ ಬಂತು. ಈಗಿನ ಮೊಬೈಲುಗಳು ಹಿಂಭಾಗವನ್ನು ತಾವೇ ಮನಸ್ಸಿಗೆ ಬಂದಂತೆ ಆರಿಸಿ ಆಗಾಗ ಬದಲಿಸುತ್ತವೆ. ಮುಂಭಾಗ ಮಾತ್ರ ಮನೆಯದೇ. ಹೊರಗಿನವರು ಒಳಗಿನ ಯಂತ್ರವನ್ನು ನೇರವಾಗಿ ಕರೆಯಬಹುದಾದ್ದರಿಂದ, ರೂಟರಿನಲ್ಲಿ ‘ಫೈರ್‌ವಾಲ್’ ಎಂಬ ಕಾವಲುಗಾರ ಕೆಲಸ ಮಾಡುತ್ತಿರುವುದೂ ಅಗತ್ಯ.

ನೀವೇ ನೋಡಿ

ಮನೆಯ ವೈಫೈಗೆ ಸೇರಿದ ಎರಡು ಮೊಬೈಲುಗಳನ್ನು ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ವೈಫೈ ವಿವರ ತೆರೆದು ಐಪಿ ವಿಳಾಸಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಾಲ್ಕು ಸಂಖ್ಯೆಗಳ ಚಿಕ್ಕ ವಿಳಾಸದ ಯಾವ ಭಾಗ ಎರಡರಲ್ಲೂ ಒಂದೇ, ಯಾವುದು ಬೇರೆ? 2ರಿಂದ ಆರಂಭವಾಗುವ ಉದ್ದದ ವಿಳಾಸವಿದ್ದರೆ ಮನೆಗೆ ಹೊಸ ಪದ್ಧತಿ ಬಂದಿದೆ ಎಂದರ್ಥ. ಎಫ್‌ಇ80ರಿಂದ ಆರಂಭವಾಗುವುದು ಮನೆಯೊಳಗಿನ ಓಡಾಟಕ್ಕೆ ಮಾತ್ರ. ಉದ್ದದ ವಿಳಾಸಗಳ ಮೊದಲ ನಾಲ್ಕು ಗುಂಪುಗಳನ್ನು ಹೋಲಿಸಿ. ಕೆಲವು ದಿನ ಬಿಟ್ಟು ಕೊನೆಯ ನಾಲ್ಕನ್ನು ಮತ್ತೆ ನೋಡಿ. ಬದಲಾಗಿದ್ದರೆ ಏಕೆಂದು ಮಕ್ಕಳು ದೊಡ್ಡವರಿಗೆ ವಿವರಿಸಲಿ. ಆ ಕಾಗದವನ್ನು ಮಾತ್ರ ಯಾರಿಗೂ ಕಳುಹಿಸಬೇಡಿ. ಅದು ನಿಮ್ಮ ಮನೆಯ ವಿಳಾಸ.