ಬಾಗಿಲ ಮುಂದೆ ಕೂತವನು



ಕಾಫ್ಕಾನ ಕಥೆಗಳು ತಲೆಬುಡ ಇಲ್ಲದ ಕನಸಿನಂಗವೆ, ನಮಗ್ಯಾಕೆ ಅಂತ ಹಾಸ್ಟೆಲ್ ಹುಡುಗರು ಕೇಳುತ್ತಾರೆ. ನಮಗೇ ಬೇಕು ಅಂತೀವಿ.

ಪ್ರಾಗ್‌ನ ಈ ಯಹೂದಿ ಲೇಖಕ ಕಾರ್ಮಿಕರ ಅಪಘಾತ ವಿಮಾ ಕಚೇರಿಯ ನೌಕರ. ಅವನ 1919ರ 'ಹಳ್ಳಿ ವೈದ್ಯ' ಸಂಕಲನದಲ್ಲಿ ಒಂದು ಪುಟ್ಟ ಕಥೆಯಿದೆ. ಹಳ್ಳಿಯವನೊಬ್ಬ ಕಾನೂನಿನ ಬಾಗಿಲಿಗೆ ಬರುತ್ತಾನೆ. ಬಾಗಿಲು ತೆರೆದೇ ಇದೆ. ಕಾವಲುಗಾರ ಈಗ ಬೇಡ ಅಂತಾನೆ. ತಂದದ್ದನ್ನೆಲ್ಲ ಲಂಚ ಕೊಟ್ಟು, ವರ್ಷಗಟ್ಟಲೆ ಕೂತು, ಅಲ್ಲೇ ಮುದುಕನಾಗುತ್ತಾನೆ. ಸಾಯೋ ಹೊತ್ತಿಗೆ ಗೊತ್ತಾಗುತ್ತೆ: ಆ ಬಾಗಿಲು ಇದ್ದದ್ದು ಅವನೊಬ್ಬನಿಗೇ!

ಇದು ಬರೀ ಕನಸೇ? ಮಹಾಡದ ಪುರಸಭೆ ಚವದಾರ್ ಕೆರೆಯನ್ನು ಅಸ್ಪೃಶ್ಯರಿಗೂ ತೆರೆದದ್ದು 1924ರಲ್ಲಿ, ಕಾಗದದ ಮೇಲೆ. ಸವರ್ಣರ ಕಾವಲು ಹಾಗೇ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಕುಡಿದರು. ಕಾವಲುಗಾರನ ಅಪ್ಪಣೆ ಕೇಳಲಿಲ್ಲ.

ಸಂವಿಧಾನದ 17ನೇ ವಿಧಿ 1950ರಿಂದಲೂ ಬಾಗಿಲು ತೆರೆದಿಟ್ಟಿದೆ. ಗುಡಿ ಮುಂದೆ, ಕಚೇರಿ ಮುಂದೆ 'ನಾಳೆ ಬಾ' ಅನ್ನೋರು ಇನ್ನೂ ನಿಂತಿದ್ದಾರೆ.

ಈ ಕಥೆಯನ್ನು ರೂಮಿನಲ್ಲಿ ಜೋರಾಗಿ ಓದಿ, ಜಗಳಾಡಿ. ಒಂದು ಪ್ರಶ್ನೆ ಮರೀಬೇಡಿ: ಆ ಹಳ್ಳಿಯವನು ಒಬ್ಬನೇ ಯಾಕೆ ಬಂದ?

ಜೈ ಭೀಮ್.