ಹೋಗಿ ಬಾ, ಗೆಳೆಯಾ



ನಮ್ಮ ಸಂಘದ ಕ್ರಿಕೆಟ್ ತಂಡದ ವಿಕೆಟ್‌ಕೀಪರ್ ಹುಡುಗ ನೌಕರಿ ನಿಮಿತ್ತ ಬೆಂಗಳೂರಿಗೆ ಹೊರಟಿದ್ದಾನೆ. ಠಾಣೆ, ಕಲ್ಯಾಣ, ನವಿಮುಂಬಯಿಗಳಿಂದ ಲೋಕಲ್ ಹಿಡಿದು ಡೊಂಬಿವಲಿಗೆ ಆಡಲು ಬರುವ ನಿಮಗೆಲ್ಲ ಬೇಸರ ಸಹಜ. ಶಾಲು, ಹೂಗುಚ್ಛ, ಫೋಟೊ ಎಲ್ಲ ಆಗಲಿ. ಆದರೆ ಅಷ್ಟಕ್ಕೇ ಮುಗಿಸಬೇಡಿ.

2008ರ ನವೆಂಬರ್ 2ರಂದು ದೆಹಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ನಿವೃತ್ತಿ ಘೋಷಿಸಿದರು. 619 ಟೆಸ್ಟ್ ವಿಕೆಟ್ ಪಡೆದ ನಾಯಕನನ್ನು ಸಂಗಡಿಗರು ಹೆಗಲ ಮೇಲೆ ಹೊತ್ತು ಮೆರೆಸಿದರು. ಅದಕ್ಕಿಂತಲೂ ಹಿರಿದೆನಿಸಿದ್ದು ಮುಂದಿನ ನಾಗಪುರ ಪಂದ್ಯ. ಆಸ್ಟ್ರೇಲಿಯದ ವಿರುದ್ಧ ಸರಣಿ ಗೆದ್ದಾಗ ಹೊಸ ನಾಯಕ ಧೋನಿ, ಆ ಪಂದ್ಯ ಆಡದಿದ್ದ ಕುಂಬ್ಳೆಯವರನ್ನು ಕರೆದು ಜೊತೆಯಾಗಿ ಟ್ರೋಫಿ ಸ್ವೀಕರಿಸಿದರು.

ನಮ್ಮ ಮನೆಗಳಲ್ಲಿ 'ಹೋಗ್ತೀನಿ' ಅಂದರೆ ಹಿರಿಯರು ಗದರುತ್ತಾರೆ. 'ಹೋಗಿ ಬರ್ತೀನಿ' ಅನ್ನಬೇಕು. ಹೋದವನಿಗೆ ಮರಳಿ ಬರಲು ಜಾಗವಿರಬೇಕು ಎಂಬುದೇ ಅದರ ಅರ್ಥ. ಮರಾಠಿ ಬೆರೆಸಿ ತೊದಲುತ್ತಿದ್ದ ಈ ಹುಡುಗನಿಗೆ ಕನ್ನಡ ಸರಾಗವಾದದ್ದು ನಿಮ್ಮೊಡನೆ ಆಡುತ್ತ. ತಂಡ ಗೆದ್ದ ರಾತ್ರಿ ಅವನಿಗೊಂದು ಫೋನ್ ಮಾಡಿ, ಕನ್ನಡದಲ್ಲೇ. ರಜೆಗೆ ಬಂದಾಗ ಗ್ಲೌಸು ಅವನ ಕೈಗೇ ಕೊಡಿ.